ದಶಮಾಂಶ ಎಷ್ಟರ ಮೇಲೆ? ಸಾಲ ಇದ್ದರೆ ಏನು ಮಾಡಬೇಕು? ಸಭೆಯ ಹಣ ಎಣಿಸುವವರು ಯಾರು?

ಅಧ್ಯಯನ ಗುಂಪು (ಪ್ರಶ್ನೆ)

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆ. ಯುವಕರ ಬೈಬಲ್ ಅಧ್ಯಯನಕ್ಕೆ ಈ ಸಲ ಕೊಡುವ ವಿಷಯವನ್ನು ತೆಗೆದುಕೊಂಡಿದ್ದೇವೆ. ಬರುವವರಲ್ಲಿ ಹೆಚ್ಚಿನವರು ಈಗಷ್ಟೇ ದುಡಿಯಲು ಶುರು ಮಾಡಿದವರು. ಸಂತೋಷವಾಗಿ ಕೊಡುವವನ ಮೇಲೆ ದೇವರಿಗೆ ಪ್ರೀತಿ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಆದರೆ ಸಂಬಳ ಕೈಗೆ ಬಂದ ದಿನ ಏನು ಮಾಡಬೇಕು ಅಂದರೆ ಒಬ್ಬೊಬ್ಬರದು ಒಂದೊಂದು ಉತ್ತರ.

ಕೇಳಬೇಕಾದದ್ದು ಇಷ್ಟು. ದಶಮಾಂಶ, ಅಂದರೆ ಹತ್ತರಲ್ಲೊಂದು ಪಾಲು ಕೊಡುವುದು, ಕ್ರೈಸ್ತರಿಗೆ ಕಡ್ಡಾಯವೋ? ಕೊಡುವುದಾದರೆ ತೆರಿಗೆ ಕಳೆಯುವ ಮೊದಲಿನ ಸಂಬಳದ ಮೇಲೋ, ಕೈಗೆ ಬಂದದ್ದರ ಮೇಲೋ? ವ್ಯಾಪಾರದವರಿಗೆ ಒಟ್ಟು ವಹಿವಾಟಿನ ಮೇಲೋ, ಲಾಭದ ಮೇಲೋ? ಸಾಲ ಇರುವವರು ಮೊದಲು ಸಾಲ ತೀರಿಸಬೇಕೋ, ಕಾಣಿಕೆ ಕೊಡಬೇಕೋ? ಎಲ್ಲವನ್ನೂ ಸಭೆಗೇ (ಚರ್ಚಿಗೇ) ಕೊಡಬೇಕೋ, ಒಂದು ಪಾಲನ್ನು ಕಷ್ಟದಲ್ಲಿರುವವರಿಗೆ ನೇರವಾಗಿ ಕೊಡಬಹುದೋ? ಇನ್ನೊಂದು, ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ಯೇಸುಸ್ವಾಮಿಯೇ ಹೇಳಿರುವಾಗ ರಸೀದಿ, ಲೆಕ್ಕ, ವರದಿ ಇವೆಲ್ಲ ಹೇಗೆ ಸರಿ?

ವಚನದ ಆಧಾರವೂ ಬೇಕು, ಈ ತಿಂಗಳಿಂದಲೇ ಮಾಡಬಹುದಾದ ಕ್ರಮವೂ ಬೇಕು. ತಿಳಿದವರು ದಯವಿಟ್ಟು ಬರೆಯಿರಿ.

---

ವಚನಾಭ್ಯಾಸಿ

ಕಡ್ಡಾಯವೋ ಅಲ್ಲವೋ ಎಂದು ವಾದಕ್ಕೆ ಇಳಿಯುವ ಮೊದಲು ಮೋಶೆಯ ಧರ್ಮಶಾಸ್ತ್ರದಲ್ಲಿ ಅದು ಹೇಗಿತ್ತು ಎಂದು ಬಿಡಿಸಿ ನೋಡಿ. ಅಲ್ಲಿ ಇರುವುದು ಒಂದೇ ದಶಮಾಂಶ ಅಲ್ಲ.

ಅರಣ್ಯಕಾಂಡ 18:21ರಿಂದ 28ರವರೆಗಿನದು ಲೇವಿಯರ, ಅಂದರೆ ದೇವರ ಸೇವೆಗೆ ಮೀಸಲಾದ ಇಸ್ರಾಯೇಲ್ ಕುಲದವರ ಪಾಲು. ಅವರಿಗೆ ಭೂಮಿಯಲ್ಲಿ ಪಾಲು ಇರಲಿಲ್ಲ, ದೇವದರ್ಶನದ ಗುಡಾರದ ಸೇವೆಗೆ ಪ್ರತಿಯಾಗಿ ಜನರ ದಶಮಾಂಶ ಅವರಿಗೆ ಸಲ್ಲುತ್ತಿತ್ತು. ಅದರಲ್ಲಿ ಹತ್ತನೆಯ ಒಂದು ಪಾಲನ್ನು ಲೇವಿಯರು ಯಾಜಕರಿಗೆ ಕೊಡಬೇಕಿತ್ತು. 100 ಅಳತೆ ಧಾನ್ಯ ಬೆಳೆದರೆ 10 ಲೇವಿಯರಿಗೆ, ಆ 10ರಲ್ಲಿ 1 ಯಾಜಕರಿಗೆ. ಪಡೆದುಕೊಳ್ಳುವ ಸೇವಕರೂ ಕೊಡುವವರೇ ಆಗಿದ್ದರು ಎಂಬುದನ್ನು ಅಧ್ಯಯನದಲ್ಲಿ ಒತ್ತಿ ಹೇಳಿ.

ಧರ್ಮೋಪದೇಶಕಾಂಡ 14:22ರಿಂದ 27ರವರೆಗಿನದು ಬೇರೆ ಬಗೆ. ಅದನ್ನು ಕುಟುಂಬದವರೆಲ್ಲ ಯೆಹೋವನು ಆರಿಸಿಕೊಂಡ ಸ್ಥಳಕ್ಕೆ ಹೋಗಿ, ಆತನ ಸನ್ನಿಧಿಯಲ್ಲಿ ಊಟ ಮಾಡಿ ಸಂತೋಷಪಡುವುದಕ್ಕೆ ಬಳಸಬೇಕಿತ್ತು. ದಾರಿ ದೂರವಾದರೆ ಬೆಳೆಯನ್ನು ಮಾರಿ ಹಣ ಕಟ್ಟಿಕೊಂಡು ಹೋಗಿ ಅಲ್ಲಿ ಕೊಳ್ಳಬಹುದಿತ್ತು. ಮುಂದಿನ ಎರಡು ವಚನಗಳಲ್ಲಿ ಮೂರನೆಯ ವರ್ಷದ ಪಾಲು ಬರುತ್ತದೆ. ಅದು ಊರಲ್ಲೇ ಉಳಿದು ಲೇವಿಯನಿಗೆ, ಪರದೇಶಿಗೆ, ತಂದೆಯಿಲ್ಲದವನಿಗೆ, ವಿಧವೆಗೆ ಹೋಗುತ್ತಿತ್ತು.

ಈ ಮೂರನ್ನೂ ಬೇರೆ ಬೇರೆ ಎಂದು ಕೂಡಿಸಿದವರು ವರ್ಷಕ್ಕೆ ಸರಾಸರಿ ಶೇ. 23 ಎನ್ನುತ್ತಾರೆ. ಯೆಹೂದಿ ರಬ್ಬಿಗಳ ಲೆಕ್ಕ ಹಾಗಲ್ಲ. ಏಳು ವರ್ಷದ ಚಕ್ರದಲ್ಲಿ 1, 2, 4, 5ನೆಯ ವರ್ಷ ಹಬ್ಬದ ಪಾಲು, 3 ಮತ್ತು 6ನೆಯ ವರ್ಷ ಅದರ ಬದಲಿಗೆ ಬಡವರ ಪಾಲು, 7ನೆಯ ವರ್ಷ ಭೂಮಿಗೆ ವಿಶ್ರಾಂತಿ. ಎರಡನೆಯ ಪಾಲನ್ನು ಮೊದಲನೆಯದು ತೆಗೆದು ಉಳಿದ 90ರಲ್ಲಿ ತೆಗೆಯುವುದರಿಂದ 10ಕ್ಕೆ 9 ಸೇರಿ 19 ಆಗುತ್ತದೆ. ಇದರ ಹೊರಗೆ ಹೊಲದ ಮೂಲೆ ಕೊಯ್ಯದೆ ಬಿಡುವುದು, ಹಕ್ಕಲು ಆರಿಸದಿರುವುದು (ಯಾಜಕಕಾಂಡ 19:9-10) ಇದ್ದೇ ಇದ್ದವು. ಆದ್ದರಿಂದ ಶೇ. 10 ಎಂದರೆ ಹಳೆಯ ಒಡಂಬಡಿಕೆಯ ಪೂರ್ತಿ ಲೆಕ್ಕ ಮುಗಿಯಿತು ಎಂದು ಕಲಿಸಬೇಡಿ, 23 ಎಂದೂ ಖಚಿತವೆಂಬಂತೆ ಹೇಳಬೇಡಿ.

ಧರ್ಮಶಾಸ್ತ್ರ ಹೆಸರಿಸುವುದು ಭೂಮಿಯ ಬೆಳೆ, ಮರದ ಹಣ್ಣು, ದನಕುರಿಗಳನ್ನು. ಕೂಲಿಯ ಹಣದ ಮಾತು ಅಲ್ಲಿಲ್ಲ. ಮಂದೆಯ ವಿಷಯದಲ್ಲಿ ಕೋಲಿನ ಕೆಳಗೆ ಹಾದುಹೋಗುವ ಹತ್ತನೆಯ ಪಶು ಯೆಹೋವನದು, ಅದು ಒಳ್ಳೆಯದೋ ಕೆಟ್ಟದ್ದೋ ಎಂದು ನೋಡಿ ಬದಲಾಯಿಸುವ ಹಾಗಿಲ್ಲ (ಯಾಜಕಕಾಂಡ 27:32-33). ಒಂಬತ್ತೇ ಇದ್ದವನಿಗೆ ಹತ್ತನೆಯದು ಎಂಬುದೇ ಬರುವುದಿಲ್ಲ. ಸಂಪಾದಿಸಿದ್ದರಲ್ಲೆಲ್ಲ ಹತ್ತರಲ್ಲೊಂದು ಎಂದು ಹೇಳಿಕೊಳ್ಳುವವನು ಲೂಕ 18:12ರ ಫರಿಸಾಯ. ಅವನು ಕೊಟ್ಟದ್ದು ತಪ್ಪಲ್ಲ, ಅದನ್ನು ತನ್ನ ನೀತಿ ಎಂದು ಎಣಿಸಿಕೊಂಡದ್ದು ತಪ್ಪು.

ಹೊಸ ಒಡಂಬಡಿಕೆಯಲ್ಲಿ ಸಭೆಗಳಿಗೆ ಬರೆದ ಪತ್ರಗಳು ಅವರಿಗೆ ಹತ್ತರಲ್ಲೊಂದು ಎಂದು ಎಲ್ಲೂ ಅಪ್ಪಣೆ ಕೊಡುವುದಿಲ್ಲ. ಇಬ್ರಿಯರಿಗೆ 7ರಲ್ಲಿ ಅಬ್ರಹಾಮನು ಯಾಜಕನಾದ ಮೆಲ್ಕಿಚೆದೆಕನಿಗೆ ಕೊಟ್ಟ ಪಾಲಿನ ಮಾತು ಬರುವುದು ಕ್ರಿಸ್ತನ ಯಾಜಕತ್ವ ದೊಡ್ಡದೆಂದು ತೋರಿಸುವುದಕ್ಕೆ. ಅಪೊಸ್ತಲ ಪೌಲನು ಹೇಳುವ ಕ್ರಮ 1 ಕೊರಿಂಥ 16:2ರಲ್ಲಿದೆ: ವಾರದ ಮೊದಲನೆಯ ದಿನ, ಪ್ರತಿಯೊಬ್ಬನೂ, ತನಗೆ ಬಂದ ಸಂಪಾದನೆಯ ಮೇರೆಗೆ ತೆಗೆದಿಡಬೇಕು. ತಾನು ಬಂದಾಗ ವಸೂಲಿ ನಡೆಯಬಾರದು ಎಂದೂ ಅಲ್ಲೇ ಹೇಳುತ್ತಾನೆ. 2 ಕೊರಿಂಥ 8:12ರ ಪ್ರಕಾರ ಇದ್ದದ್ದರ ಮೇರೆಗೆ ಕೊಟ್ಟರೆ ಅದು ಸಮರ್ಪಕ, ಇಲ್ಲದ್ದನ್ನು ಯಾರೂ ಕೇಳುವುದಿಲ್ಲ.

ಹಾಗಾಗಿ ಕಡ್ಡಾಯದ ತೆರಿಗೆ ಅಲ್ಲ ಎಂಬುದು ನನ್ನ ಉತ್ತರ. ಆದರೆ ಹೊಸ ಒಡಂಬಡಿಕೆಯ ಉದಾಹರಣೆಗಳನ್ನು ಸಾಲಾಗಿ ಇಟ್ಟು ನೋಡಿ. ಜಕ್ಕಾಯ ಅರ್ಧ ಆಸ್ತಿ ಬಡವರಿಗೆ ಕೊಡುತ್ತಾನೆ, ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುತ್ತಾನೆ. ಬಾರ್ನಬ ಹೊಲ ಮಾರುತ್ತಾನೆ. ಮಕೆದೋನ್ಯದ ಸಭೆಗಳು ಬಡತನದಲ್ಲೇ ಶಕ್ತಿಗೆ ಮೀರಿ ಕೊಡುತ್ತವೆ. ಕಡ್ಡಾಯ ಹೋದ ಮೇಲೆ ಕೊಡುವುದು ಕಡಿಮೆಯಾದ ಒಂದು ಮಾದರಿಯೂ ಅಲ್ಲಿಲ್ಲ.

ಎಲ್ಲವನ್ನೂ ಸಭೆಗೇ ಕೊಡಬೇಕೋ ಎಂಬ ವಿಷಯ. ದಶಮಾಂಶವನ್ನೆಲ್ಲ ಭಂಡಾರಕ್ಕೆ ತನ್ನಿರಿ ಎನ್ನುವ ಮಲಾಕಿಯ 3:10ರಲ್ಲಿ ಭಂಡಾರ ಎಂದರೆ ಆಲಯದ ನಿಜವಾದ ಕೋಣೆಗಳು, ಧಾನ್ಯ, ದ್ರಾಕ್ಷಾರಸ, ಎಣ್ಣೆ ತುಂಬಿಡುವ ಜಾಗ. ನೆಹೆಮೀಯ 13ರಲ್ಲಿ ಅಂಥ ದೊಡ್ಡ ಕೋಣೆಯೊಂದನ್ನು ನೆಹೆಮೀಯನ ವಿರೋಧಿ ಟೋಬೀಯನಿಗೆ ಬಿಟ್ಟುಕೊಟ್ಟಿದ್ದರು. ಪಾಲು ಸಿಗದ ಲೇವಿಯರು ಸೇವೆ ಬಿಟ್ಟು ತಮ್ಮ ತಮ್ಮ ಹೊಲಗಳಿಗೆ ಹೊರಟುಹೋಗಿದ್ದರು. ಅದನ್ನು ನೇರವಾಗಿ ಇಂದಿನ ಸಭೆಯ ಖಾತೆ ಎಂದು ಹೇಳುವುದು ಎಳೆದು ಕಟ್ಟಿದ ಹಾಗೆ. ಆದರೂ ವಾಕ್ಯ ಕಲಿಸುವವರನ್ನು ಪೋಷಿಸುವ ಹೊಣೆ ಗಲಾತ್ಯ 6:6ರಲ್ಲಿ, 1 ಕೊರಿಂಥ 9:14ರಲ್ಲಿ, 1 ತಿಮೊಥೆ 5:17-18ರಲ್ಲಿ ಸ್ಪಷ್ಟವಾಗಿದೆ. ನಿಮ್ಮನ್ನು ವಾಕ್ಯದಿಂದ ಬೆಳೆಸುತ್ತಿರುವ ಸಭೆಗೆ ಮೊದಲ ಮತ್ತು ದೊಡ್ಡ ಪಾಲು, ಉಳಿದದ್ದರಲ್ಲಿ ನೇರ ಸಹಾಯ. ಇದಕ್ಕೆ ಅಡ್ಡಿ ಬರುವ ವಚನ ಒಂದೂ ಇಲ್ಲ.

---

ಲೆಕ್ಕದ ಪುಸ್ತಕ

ವಚನದ ಭಾಗ ಬ್ರದರ್ ಚೆನ್ನಾಗಿ ಬಿಡಿಸಿದ್ದಾರೆ. ಲೆಕ್ಕದ ಭಾಗ ನಾನು ಬರೆಯುತ್ತೇನೆ.

ಕಡಿತಕ್ಕೆ ಮೊದಲೋ ನಂತರವೋ ಎಂಬುದಕ್ಕೆ ಎರಡೂ ಸರಿ, ಒಂದನ್ನು ಹಿಡಿದು ಕೊನೆಯವರೆಗೂ ಅದರಲ್ಲೇ ಇರಬೇಕು. ತೊಂದರೆ ಬರುವುದು ಮಧ್ಯದಲ್ಲಿ ಬದಲಾಯಿಸಿದಾಗ. ಪೂರ್ತಿ ಸಂಬಳದ ಮೇಲೆ ಕೊಟ್ಟವರಿಗೆ ಮುಂದೆ ತೆರಿಗೆ ವಾಪಸು ಬಂದರೆ ಅದರ ಮೇಲೆ ಮತ್ತೆ ಕೊಡಬೇಕಿಲ್ಲ, ಆಗಲೇ ಕೊಟ್ಟಾಗಿದೆ. ಕೈಗೆ ಬಂದದ್ದರ ಮೇಲೆ ಕೊಡುವವರು ವಾಪಸು ಬಂದ ತೆರಿಗೆಯನ್ನು ಆ ತಿಂಗಳ ಆದಾಯಕ್ಕೆ ಸೇರಿಸಬೇಕು. ನಿವೃತ್ತಿ ನಿಧಿಗೆ ಕಡಿತವಾಗುವ ಹಣಕ್ಕೂ ಇದೇ ನಿಯಮ: ಮೊದಲ ಪದ್ಧತಿಯವರು ಕೊನೆಗೆ ಬಡ್ಡಿ ಮತ್ತು ಮಾಲೀಕರು ಹಾಕಿದ ಪಾಲಿನ ಮೇಲೆ ಮಾತ್ರ ಲೆಕ್ಕ ಹಾಕಿದರೆ ಸಾಕು, ಎರಡನೆಯವರು ಬಂದ ಮೊತ್ತಕ್ಕೆಲ್ಲ ಹಾಕಬೇಕು. ಯಾವ ಪದ್ಧತಿ ಎಂದು ಒಂದು ಸಾಲು ಬರೆದು ದಿನಾಂಕ ಹಾಕಿಡಿ. ಮೂವತ್ತು ವರ್ಷದ ನಂತರ ನೆನಪಿರುವುದಿಲ್ಲ.

ವ್ಯಾಪಾರದವರು ವಹಿವಾಟಿನ ಮೇಲೆ ಕೊಡಬಾರದು ಎಂದೇ ಹೇಳುತ್ತೇನೆ. 100ಕ್ಕೆ ಮಾರಿದ ಸರಕಿಗೆ 80 ಕೊಟ್ಟಿದ್ದೀರಿ, ಬಾಡಿಗೆ, ಕೂಲಿ, ಬಡ್ಡಿ ಸೇರಿ 8 ಹೋಯಿತು. ಉಳಿದದ್ದು 12. ವಹಿವಾಟಿನ ಮೇಲೆ 10 ಕೊಟ್ಟರೆ ಮನೆಗೆ 2 ಉಳಿಯುತ್ತದೆ. ಎರಡು ತಿಂಗಳಾದ ಮೇಲೆ ಸರಕು ಕೊಟ್ಟವರ ಬಾಕಿ ನಿಲ್ಲುತ್ತದೆ. ಅಂದರೆ ಕಾಣಿಕೆ ಹೋದದ್ದು ಇನ್ನೊಬ್ಬರ ದುಡ್ಡಿನಿಂದ. 12ರ ಮೇಲೆ ಲೆಕ್ಕ ಹಾಕಿದರೆ 1.2.

ಆದರೆ ಲಾಭ ಎಂಬ ಹೆಸರಲ್ಲಿ ಜಾರಿಕೊಳ್ಳುವ ದಾರಿಗಳೂ ಇವೆ. ಅಂಗಡಿಯ ಗಲ್ಲಾಪೆಟ್ಟಿಗೆಯಿಂದ ಮನೆ ಖರ್ಚಿಗೆ ತೆಗೆದದ್ದು ವ್ಯಾಪಾರದ ಖರ್ಚಲ್ಲ, ಅದು ನಿಮ್ಮ ಆದಾಯ. ಸಾಲದ ಬಡ್ಡಿ ಖರ್ಚು, ಅಸಲು ಖರ್ಚಲ್ಲ. ಯಂತ್ರ ಸವೆದು ಹೊಸದು ತರಬೇಕಾಗುತ್ತದೆ ಎಂದು ಸ್ವಲ್ಪ ತೆಗೆದಿಟ್ಟರೆ ಅದು ಖರ್ಚೇ, ಅದರ ಆಯಸ್ಸಿನ ವರ್ಷಗಳಿಂದ ಬೆಲೆಯನ್ನು ಭಾಗಿಸಿ ಅಷ್ಟೇ ಇಡಬೇಕು. ಮಾರಾಟವಾಗದೆ ಉಳಿದ ಸರಕನ್ನು ಲಾಭಕ್ಕೆ ಸೇರಿಸಬೇಡಿ. ಪ್ರತಿ ತಿಂಗಳು ಅಂದಾಜಿನ ಮೇಲೆ ಕೊಟ್ಟು, ಮೂರು ತಿಂಗಳಿಗೊಮ್ಮೆ ಲೆಕ್ಕ ಮುಗಿದ ಮೇಲೆ ಹೆಚ್ಚುಕಡಿಮೆ ಸರಿಮಾಡಿಕೊಳ್ಳುವುದು ಸುಲಭ.

ಒಂದು ತಿಂಗಳು ಬಂದು ಇನ್ನೊಂದು ತಿಂಗಳು ಬಾರದ ಆದಾಯದವರು ಮೊತ್ತ ನಿಗದಿ ಮಾಡಬೇಡಿ, ಪಾಲು ನಿಗದಿ ಮಾಡಿ. ಹಣ ಬಂದ ದಿನವೇ ಆ ಪಾಲು ಬೇರೆ ಖಾತೆಗೆ ಹೋಗಬೇಕು. ತಿಂಗಳ ಕೊನೆಗೆ ಉಳಿದರೆ ಕೊಡೋಣ ಎಂದವರಿಗೆ ಉಳಿಯುವುದೇ ಇಲ್ಲ; ಪೌಲನು ವಾರದ ಮೊದಲ ದಿನ ಎಂದದ್ದು ಬಹಳ ಕೆಲಸಕ್ಕೆ ಬರುವ ಮಾತು. ಆ ಖಾತೆಯಿಂದ ತಿಂಗಳಿಗೊಮ್ಮೆ ಕೊಡಿ. ಮೂರು ತಿಂಗಳ ಕೊಡುಗೆಗಿಂತ ಹೆಚ್ಚು ಅಲ್ಲಿ ನಿಲ್ಲಲು ಬಿಡಬೇಡಿ. ನಿಂತ ಹಣ ನಿಧಾನವಾಗಿ ನಮ್ಮ ಉಳಿತಾಯದ ಹಾಗೆ ಕಾಣತೊಡಗುತ್ತದೆ.

ಈಗ ಸಾಲ. ಸಾಲವಾಗಿ ತಂದ ಹಣ ಆದಾಯವಲ್ಲ, ಅದರ ಮೇಲೆ ದಶಮಾಂಶ ಇಲ್ಲ. ಸಾಲ ಮಾಡಿ, ಕ್ರೆಡಿಟ್ ಕಾರ್ಡ್ ಉಜ್ಜಿ ಕಾಣಿಕೆ ಕೊಡುವುದೂ ಬೇಡವೇ ಬೇಡ. ಕಂತು ಸರಿಯಾಗಿ ಕಟ್ಟುತ್ತಿರುವ ಸಾಲ ಬೇರೆ, ಗಡುವು ಮೀರಿದ ಬಾಕಿ ಬೇರೆ. ಕಂತು ನಡೆಯುತ್ತಿದ್ದರೆ ಕೊಡುವುದನ್ನು ನಿಲ್ಲಿಸುವ ಕಾರಣ ಇಲ್ಲ. ಬಾಕಿ ಮೀರಿದ್ದರೆ ಕೈಯಲ್ಲಿರುವ ಹಣ ಸಾಲ ಕೊಟ್ಟವನದು. ಕೈಯಲ್ಲಿ ಇರುವಾಗಲೇ ನಾಳೆ ಬಾ ಎನ್ನಬೇಡ ಎಂದು ಜ್ಞಾನೋಕ್ತಿ 3:28 ಹೇಳುತ್ತದೆ, ಸಾಲ ತೀರಿಸದವನನ್ನು ಕೀರ್ತನೆ 37:21 ದುಷ್ಟ ಎನ್ನುತ್ತದೆ. ಎಲ್ಲಕ್ಕಿಂತ ಮೊದಲು ಕೆಲಸದವರ ಕೂಲಿ. ಹಿಡಿದಿಟ್ಟ ಕೂಲಿಯೇ ಕೂಗುತ್ತದೆ ಎಂದು ಯಾಕೋಬ 5:4ರಲ್ಲಿದೆ. ಕೂಲಿ ಬಾಕಿ ಇಟ್ಟು ವೇದಿಕೆಯ ಮೇಲೆ ದೊಡ್ಡ ಕಾಣಿಕೆ ಕೊಡುವುದನ್ನು ಯಾವ ಸಭೆಯೂ ಪ್ರೋತ್ಸಾಹಿಸಬಾರದು. ಹೆತ್ತವರನ್ನು ನೋಡಿಕೊಳ್ಳಬೇಕಾದ ಹಣವನ್ನು ದೇವರಿಗೆ ಮೀಸಲು ಎಂದು ಹೇಳಿ ತಪ್ಪಿಸಿಕೊಳ್ಳುವುದನ್ನು ಮಾರ್ಕ 7:9-13ರಲ್ಲಿ ಯೇಸುಸ್ವಾಮಿ ನೇರವಾಗಿ ಖಂಡಿಸಿದ್ದಾರೆ.

ಇಕ್ಕಟ್ಟಿನಲ್ಲಿರುವ ಮನೆಗೆ ಒಂದು ಮಾದರಿ. ಆದಾಯ 100. ಅಗತ್ಯದ ಖರ್ಚು 55, ಕಂತುಗಳು 40. ಉಳಿಯುವುದು 5. ಅದರಲ್ಲಿ 2 ಕೊಡಿ, 3 ಆಪತ್ತಿಗೆ ಇಡಿ. 2 ಎಂದರೆ ನಾಚಿಕೆ ಬೇಡ, ರೂಢಿ ತಪ್ಪಬಾರದು ಅಷ್ಟೇ. 15ರ ಒಂದು ಕಂತು ಮುಗಿದ ದಿನ ಆ 15ನ್ನು ಖರ್ಚಿಗೆ ಸೇರಿಸದೆ 5ನ್ನು ಕೊಡುವುದಕ್ಕೆ, 10ನ್ನು ಉಳಿದ ಸಾಲಕ್ಕೆ ಹಾಕಿ. ಕೊಡುವುದು 7ಕ್ಕೆ ಬಂತು, ಮುಂದಿನ ಸಾಲವೂ ಬೇಗ ತೀರುತ್ತದೆ.

---

ಅಧ್ಯಯನ ಗುಂಪು

ತುಂಬ ಉಪಕಾರವಾಯಿತು. ನೇರವಾಗಿ ಸಹಾಯ ಮಾಡುವ ವಿಷಯದಲ್ಲಿ ಇನ್ನೊಂದು ಸಂದೇಹ. ಕೇಳಿದವರಿಗೆಲ್ಲ ಕೊಡು ಎಂಬ ವಚನ ಒಂದು ಕಡೆ, ಕೊಟ್ಟದ್ದು ಹಾಳಾಗುತ್ತದೆ ಎಂಬ ಭಯ ಇನ್ನೊಂದು ಕಡೆ. ಸಭೆಯಲ್ಲಿ ಸಹಾಯ ನಿಧಿ ಇದ್ದರೆ ಅದನ್ನು ಹೇಗೆ ನಡೆಸಬೇಕು?

---

ಸಹಾಯ ಸೇವೆ

ಈ ಕೆಲಸಕ್ಕೆ ಸಭೆಯಷ್ಟೇ ವಯಸ್ಸಾಗಿದೆ. ಅಪೊಸ್ತಲರ ಕೃತ್ಯ 6ರಲ್ಲಿ ದಿನದಿನದ ಉಪಚಾರದಲ್ಲಿ ಗ್ರೀಕ್ ಮಾತಾಡುವ ವಿಧವೆಯರು ಬಿಟ್ಟುಹೋದರು ಎಂಬ ದೂರು ಬಂದಾಗ ಅಪೊಸ್ತಲರು ಏಳು ಮಂದಿಯನ್ನು ಆರಿಸಲು ಹೇಳಿದರು. ಎರಡನೆಯ ಶತಮಾನದ ಮಧ್ಯದಲ್ಲಿ ಕ್ರೈಸ್ತ ಲೇಖಕ ಜಸ್ಟಿನ್ ಹುತಾತ್ಮ ಬರೆದಿರುವಂತೆ ಭಾನುವಾರದ ಕಾಣಿಕೆ ಸಭೆಯ ಅಧ್ಯಕ್ಷರ ಬಳಿ ಇರುತ್ತಿತ್ತು. ಅದರಿಂದ ಅನಾಥರು, ವಿಧವೆಯರು, ರೋಗಿಗಳು, ಸೆರೆಯಲ್ಲಿರುವವರು, ಬಂದ ಪರದೇಶಿಗಳು ಇವರ ಕಷ್ಟ ನೋಡುತ್ತಿದ್ದರು. ಕೊಡುವುದು ಅವರವರ ಇಷ್ಟಕ್ಕೆ ಬಿಟ್ಟದ್ದಾಗಿತ್ತು.

ನಿಧಿಗೆ ಮೂವರು ಸಾಕು, ಅದರಲ್ಲಿ ಒಬ್ಬರಾದರೂ ಹೆಂಗಸು ಇರಬೇಕು. ವಿಧವೆಯೊಬ್ಬಳು ತನ್ನ ಕಷ್ಟವನ್ನು ಮೂವರು ಗಂಡಸರ ಮುಂದೆ ಕೂತು ಹೇಳುವುದಿಲ್ಲ. ಪಾಸ್ಟರ್ ಒಬ್ಬರೇ ತೀರ್ಮಾನ ಮಾಡುವಂತೆ ಬಿಡಬೇಡಿ. ಇಲ್ಲ ಎಂದಾಗ ಬರುವ ಮುನಿಸು ವಾಕ್ಯದ ಸೇವೆಗೂ ತಟ್ಟುತ್ತದೆ. ತುರ್ತಿಗೆ ಮೂವರಲ್ಲಿ ಒಬ್ಬರೇ ಬಿಡುಗಡೆ ಮಾಡಬಹುದಾದ ಚಿಕ್ಕ ಮಿತಿ ಒಂದಿರಲಿ, ಉದಾಹರಣೆಗೆ ನಿಧಿಯ ಶೇ. 5. ಅದಕ್ಕಿಂತ ಹೆಚ್ಚಾದರೆ ಇಬ್ಬರ ಸಹಿ. ಎರಡು ದಿನದೊಳಗೆ ಆಗುತ್ತದೆ ಅಥವಾ ಆಗುವುದಿಲ್ಲ ಎಂದು ಹೇಳಿಬಿಡಬೇಕು. ತಿಂಗಳುಗಟ್ಟಲೆ ಕಾಯಿಸುವುದು ಇಲ್ಲ ಎನ್ನುವುದಕ್ಕಿಂತ ಕ್ರೂರ.

ಕೇಳಬೇಕಾದದ್ದು ನಾಲ್ಕೇ ಮಾತು: ಏನಾಯಿತು, ಯಾವ ದಿನದೊಳಗೆ ಬೇಕು, ಬೇರೆ ಯಾರಾದರೂ ಸಹಾಯ ಮಾಡುತ್ತಿದ್ದಾರೆಯೇ, ಇದು ಮುಗಿದ ಮೇಲೆ ಮುಂದಿನ ತಿಂಗಳು ಹೇಗೆ. ನಾಲ್ಕನೆಯದಕ್ಕೆ ಬರುವ ಉತ್ತರದಿಂದ ಗೊತ್ತಾಗುತ್ತದೆ ಇದು ಒಮ್ಮೆ ಬಂದ ಆಪತ್ತೋ, ನಿಂತುಹೋದ ಆದಾಯವೋ ಎಂದು. ಆಪತ್ತಾದರೆ ಪೂರ್ತಿ ಕೊಟ್ಟು ಮುಗಿಸಿ. ಆದಾಯವೇ ನಿಂತಿದ್ದರೆ ಮೂರು ತಿಂಗಳಿಗೆ ನಿಗದಿಯಾದ ಮೊತ್ತ ಕೊಟ್ಟು, ಜೊತೆಗೆ ಕೆಲಸ ಹುಡುಕಲು ಒಬ್ಬರನ್ನು ಗೊತ್ತುಮಾಡಿ, ಮೂರನೆಯ ತಿಂಗಳು ಮತ್ತೆ ಕೂತು ನೋಡಿ. ವಯಸ್ಸಾಗಿ ದುಡಿಯಲಾರದವರಿಗೆ ಗಡುವು ಹಾಕಬೇಡಿ. 1 ತಿಮೊಥೆ 5ರಲ್ಲಿ ಅರುವತ್ತು ದಾಟಿದ, ಬೇರೆ ದಿಕ್ಕಿಲ್ಲದ ವಿಧವೆಯರ ಹೆಸರನ್ನು ಪಟ್ಟಿಗೆ ಸೇರಿಸುವ ಕ್ರಮವೇ ಇದೆ; ಮಕ್ಕಳು ಮೊಮ್ಮಕ್ಕಳು ಇದ್ದರೆ ಮೊದಲು ಅವರೇ ನೋಡಿಕೊಳ್ಳಲಿ, ಸಭೆಗೆ ಭಾರ ಬೀಳದಿರಲಿ ಎಂದೂ ಇದೆ. ಸಮಿತಿಯವರು ಮಕ್ಕಳನ್ನು ಕರೆದು ಮಾತಾಡುವ ಧೈರ್ಯ ಮಾಡಬೇಕು.

ಶುಲ್ಕ, ಬಾಡಿಗೆ, ಔಷಧದ ಹಣವನ್ನು ಸಲ್ಲಬೇಕಾದ ಕಡೆಗೇ ನೇರವಾಗಿ ಕಟ್ಟಿ. ಅನುಮಾನದಿಂದಲ್ಲ, ಕೈಗೆ ಬಂದ ನಗದನ್ನು ಮನೆಯ ಇನ್ನೊಬ್ಬರು ಕಿತ್ತುಕೊಳ್ಳುವುದು ಉಂಟು. ಊಟ, ಬಟ್ಟೆಯ ಅಗತ್ಯಕ್ಕೆ ಮಾತ್ರ ನಗದೇ ಒಳ್ಳೆಯದು, ಏನು ಬೇಕೆಂದು ಆ ತಾಯಿಗೆ ಗೊತ್ತು. ವಸ್ತು ಕೊಡುವುದಾದರೆ ಅಳತೆ ಕೇಳಿಕೊಂಡು ಕೊಡಿ, ನೀವು ಉಡಲಾರದ್ದನ್ನು ಕೊಡಬೇಡಿ.

ನಿಧಿಯಿಂದ ಸಾಲ ಕೊಡಬೇಡಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ತೀರಿಸಲಾಗದವರು ಮೊದಲು ಸಮಿತಿಯವರ ಕಣ್ಣು ತಪ್ಪಿಸುತ್ತಾರೆ, ಆಮೇಲೆ ಆರಾಧನೆಗೆ ಬರುವುದನ್ನೇ ಬಿಡುತ್ತಾರೆ. ಕೇಳಿದ್ದು 50 ಆಗಿ ಕೊಡಲಾಗುವುದು 20 ಆದರೆ ಆ 20ನ್ನು ಕೊಡುಗೆಯಾಗಿಯೇ ಕೊಟ್ಟುಬಿಡಿ. ಅವರು ಮುಂದೆ ಚೇತರಿಸಿಕೊಂಡು ನಿಧಿಗೆ ಹಾಕಿದರೆ ಅದು ಅವರ ಕಾಣಿಕೆ.

ಪುಸ್ತಕದಲ್ಲಿ ಹೆಸರಿನ ಬದಲು ಸಂಖ್ಯೆ ಬರೆಯಿರಿ, ಹೆಸರಿನ ಪಟ್ಟಿ ಮೂವರ ಬಳಿ ಮಾತ್ರ ಇರಲಿ. ಸಹಾಯ ಪಡೆದವರನ್ನು ಮುಂದೆ ಕರೆದು ಸಾಕ್ಷಿ ಹೇಳಿಸುವುದು, ಫೋಟೊ ತೆಗೆಯುವುದು ಬೇಡ. ಆರಾಧನೆಗೆ ಬಂದರೆ ಮಾತ್ರ ಎಂಬ ಷರತ್ತೂ ಬೇಡ: ಎಲ್ಲರಿಗೂ ಒಳ್ಳೆಯದು ಮಾಡಿರಿ, ವಿಶೇಷವಾಗಿ ನಂಬಿಕೆಯ ಮನೆಯವರಿಗೆ ಎಂದು ಗಲಾತ್ಯ 6:10ರಲ್ಲಿ ಎರಡೂ ಇವೆ. ಮೋಸ ಹೋಗುವ ಭಯದ ಬಗ್ಗೆ ಹೇಳುವುದಾದರೆ, ಹತ್ತರಲ್ಲಿ ಒಬ್ಬರು ಸುಳ್ಳು ಹೇಳಿದರೂ ಉಳಿದ ಒಂಬತ್ತು ಜನರನ್ನು ಕಳ್ಳರಂತೆ ವಿಚಾರಿಸುವುದು ನ್ಯಾಯವಲ್ಲ.

---

ಖಜಾಂಚಿ

ಎಡಗೈ ಬಲಗೈ ಪ್ರಶ್ನೆಗೆ ಉತ್ತರ ಸರಳ. ಮತ್ತಾಯ 6:1-4 ಕೊಡುವವರಿಗೆ ಹೇಳಿದ್ದು: ಜನ ನೋಡಲಿ ಎಂದು ಕೊಡಬೇಡಿ. 2 ಕೊರಿಂಥ 8:18-21 ಹಣ ಒಯ್ಯುವವರ ವಿಷಯ: ಈ ದೊಡ್ಡ ಮೊತ್ತದಲ್ಲಿ ಯಾರೂ ತಪ್ಪು ಹಿಡಿಯದಂತೆ, ಕರ್ತನ ಮುಂದೆ ಮಾತ್ರವಲ್ಲ ಮನುಷ್ಯರ ಮುಂದೆಯೂ ಸರಿಯಾಗಿರಬೇಕು. ಅದಕ್ಕಾಗಿ ಸಭೆಗಳೇ ಆರಿಸಿದ ಸಹೋದರನೊಬ್ಬ ಪೌಲನ ಜೊತೆಗಾರ ತೀತನ ಜೊತೆ ಬಂದ. 1 ಕೊರಿಂಥ 16:3ರಲ್ಲೂ ನೀವು ಒಪ್ಪಿದವರ ಕೈಯಲ್ಲೇ ಕಳಿಸುತ್ತೇನೆ ಎಂದು ಪೌಲನು ಹೇಳುತ್ತಾನೆ. ಪೌಲನಂಥವನೇ ಒಬ್ಬನೇ ಹಣ ಮುಟ್ಟಲಿಲ್ಲ ಅಂದಮೇಲೆ ನಮ್ಮಲ್ಲಿ ಯಾರಿಗೂ ಅದು ಅವಮಾನವಲ್ಲ. ಇನ್ನೊಂದು ಕಡೆ ಹಣದ ಚೀಲ ಯೂದನೊಬ್ಬನ ಕೈಯಲ್ಲೇ ಇದ್ದಾಗ ಏನಾಯಿತು ಎಂದು ಯೋಹಾನ 12:6ರಲ್ಲಿದೆ.

ಎಣಿಕೆಯ ಕ್ರಮ ಹೀಗಿರಲಿ. ಸಂಬಂಧಿಕರಲ್ಲದ ಇಬ್ಬರು, ಗಂಡ ಹೆಂಡತಿ ಅಲ್ಲ, ತಂದೆ ಮಗ ಅಲ್ಲ. ಪೆಟ್ಟಿಗೆ ತೆರೆಯುವಾಗ ಇಬ್ಬರೂ ಮೇಜಿನ ಬಳಿ ಇರಬೇಕು, ಒಬ್ಬರು ನೀರು ಕುಡಿಯಲು ಎದ್ದರೂ ಎಣಿಕೆ ನಿಲ್ಲಬೇಕು. ಮೊದಲು ಲಕೋಟೆಗಳು: ಮೇಲೆ ಬರೆದ ಮೊತ್ತ ಮತ್ತು ಒಳಗಿನ ಮೊತ್ತ ಬೇರೆಯಾದರೆ ಎರಡನ್ನೂ ಲಕೋಟೆಯ ಮೇಲೇ ಬರೆದು ಇಬ್ಬರೂ ಸಹಿ ಹಾಕಿ. ಆಮೇಲೆ ಬಿಡಿ ನೋಟುಗಳನ್ನು ಮುಖಬೆಲೆಯಂತೆ ಬೇರ್ಪಡಿಸಿ, ಒಬ್ಬರು ಎಣಿಸಿದ ಕಟ್ಟನ್ನು ಇನ್ನೊಬ್ಬರು ಮೊದಲಿನ ಸಂಖ್ಯೆ ಕೇಳದೆ ಎಣಿಸಬೇಕು. ಎರಡೂ ಹೊಂದಿದ ಮೇಲೆ ಹಾಳೆಯಲ್ಲಿ ಪೆನ್ನಿನಿಂದ ಬರೆಯಿರಿ. ತಿದ್ದಬೇಕಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆದು ಇಬ್ಬರ ಸಹಿ. ಹಾಳೆ ಎರಡು ಪ್ರತಿ. ಒಂದು ಹಣದ ಚೀಲದ ಜೊತೆ, ಇನ್ನೊಂದು ಲೆಕ್ಕ ಬರೆಯುವವರಿಗೆ. ಬ್ಯಾಂಕಿನ ಮುಂದಿನ ಕೆಲಸದ ದಿನವೇ ಪೂರ್ತಿ ಮೊತ್ತ ಕಟ್ಟಿ, ಚೀಟಿಯನ್ನು ಹಾಳೆಗೆ ಅಂಟಿಸಿ.

ಹೆಚ್ಚಾಗಿ ಎಡವುವುದು ಒಂದೇ ಕಡೆ. ಕಾಣಿಕೆ ಎಣಿಸುವಾಗಲೇ ಕರೆಂಟ್ ಬಿಲ್ಲು, ಅತಿಥಿ ಪ್ರಸಂಗಿಯ ಪ್ರಯಾಣ ಎಂದು ಅದರಿಂದಲೇ ತೆಗೆದುಕೊಟ್ಟು ಉಳಿದದ್ದನ್ನು ಕಟ್ಟುತ್ತಾರೆ. ಆಗ ಬ್ಯಾಂಕಿನ ಮೊತ್ತ ಹಾಳೆಗೆ ಎಂದೂ ಹೊಂದುವುದಿಲ್ಲ, ಕದ್ದವರು ಇಲ್ಲದಿದ್ದರೂ ಅನುಮಾನ ಹುಟ್ಟುತ್ತದೆ. ಬಂದದ್ದೆಲ್ಲ ಒಳಗೆ ಹೋಗಲಿ, ಖರ್ಚೆಲ್ಲ ಖಾತೆಯಿಂದ ಹೊರಗೆ ಬರಲಿ. ಎಣಿಸುವವರು, ಕಟ್ಟುವವರು, ಪುಸ್ತಕ ಬರೆಯುವವರು ಒಬ್ಬರೇ ಆಗಬಾರದು. ಚಿಕ್ಕ ಸಭೆಯಲ್ಲಿ ಜನ ಸಾಲದಿದ್ದರೆ ಎಣಿಸುವವರಾದರೂ ತಿಂಗಳಿಗೊಮ್ಮೆ ಬದಲಾಗಲಿ, ಬ್ಯಾಂಕಿನ ಸ್ಟೇಟ್‌ಮೆಂಟನ್ನು ಪುಸ್ತಕ ಬರೆಯದ ಇನ್ನೊಬ್ಬರು ಪ್ರತಿ ತಿಂಗಳು ತಾಳೆ ನೋಡಲಿ. ಕ್ಯೂಆರ್ ಕೋಡ್ ಸಭೆಯ ಖಾತೆಯದೇ ಇರಬೇಕು, ಯಾರ ವೈಯಕ್ತಿಕ ನಂಬರೂ ಬೇಡ, ತಾತ್ಕಾಲಿಕವಾಗಿಯೂ ಬೇಡ.

ಒಂದು ಉದ್ದೇಶಕ್ಕೆಂದು ಕೊಟ್ಟ ಹಣಕ್ಕೆ ಪುಸ್ತಕದಲ್ಲಿ ಬೇರೆ ಕಾಲಂ. ವಿಧವೆಯರಿಗೆಂದು ಬಂದದ್ದು ಛಾವಣಿಗೆ ಹೋಗಬಾರದು, ಆಮೇಲೆ ತುಂಬಿಸುತ್ತೇವೆ ಎಂದರೂ ಹೋಗಬಾರದು. ಉದ್ದೇಶ ಮುಗಿದು ಹಣ ಉಳಿದರೆ ಕೊಟ್ಟವರನ್ನು ಕೇಳಿ. ಮೂರು ತಿಂಗಳಿಗೊಮ್ಮೆ ಒಂದು ಪುಟದ ವರದಿ ಸಾಕು: ಆರಂಭದ ಶಿಲ್ಕು, ಬಂದದ್ದು, ಖರ್ಚಾದದ್ದು, ಉಳಿದದ್ದು, ಕಾಲಂವಾರು. ವರ್ಷಕ್ಕೊಮ್ಮೆ ಹೊರಗಿನವರಿಂದ ಪರಿಶೀಲನೆ. ಕೊಟ್ಟವರ ಹೆಸರು ಹಾಗೂ ಮೊತ್ತ ವರದಿಯಲ್ಲಿ ಬರುವುದಿಲ್ಲ, ಅಲ್ಲಿಗೆ ಮತ್ತಾಯ 6ಕ್ಕೂ ಧಕ್ಕೆ ಇಲ್ಲ. ಯಾರು ಎಷ್ಟು ಕೊಟ್ಟರು ಎಂದು ಪಾಸ್ಟರ್‌ಗೂ ತಿಳಿಯದಿರುವುದು ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಚಿನ್ನದ ಉಂಗುರದವನಿಗೆ ಒಳ್ಳೆಯ ಜಾಗ ಕೊಡುವ ಶೋಧನೆ (ಯಾಕೋಬ 2:2-4) ಪಾಸ್ಟರ್‌ಗೂ ಬರುತ್ತದೆ.

---

ಸಭಾ ಹಿರಿಯ

ವಚನಾಭ್ಯಾಸಿಯವರ ವಿವರಣೆ ಒಪ್ಪುತ್ತೇನೆ, ಆದರೆ ಹೊಸದಾಗಿ ದುಡಿಯುವ ಹುಡುಗರಿಗೆ ಕಡ್ಡಾಯವಲ್ಲ ಎಂದು ಮೊದಲ ವಾಕ್ಯದಲ್ಲೇ ಹೇಳಬೇಡಿ. ಧರ್ಮಶಾಸ್ತ್ರ ಬರುವುದಕ್ಕೆ ಮೊದಲೇ ಅಬ್ರಹಾಮನು ಕೊಟ್ಟ, ಯಾಕೋಬನು ಹರಕೆ ಹೊತ್ತ. ಹತ್ತರಲ್ಲೊಂದು ಎಂಬುದನ್ನು ಕಲಿಯುವವರಿಗೆ ಆರಂಭದ ಅಳತೆಯಾಗಿ ಕೊಡಿ. ಸಂಬಳ ಚಿಕ್ಕದಾಗಿರುವಾಗ ಕಲಿಯದವನು ದೊಡ್ಡದಾದಾಗ ಕಲಿಯುವುದು ಕಷ್ಟ, ಆಗ ಹತ್ತರಲ್ಲೊಂದು ಎಂಬುದು ಕಣ್ಣಿಗೆ ದೊಡ್ಡ ಮೊತ್ತವಾಗಿ ಕಾಣುತ್ತದೆ.

ಇನ್ನೊಂದು ಎಚ್ಚರಿಕೆ ಯಾರೂ ಬರೆಯಲಿಲ್ಲ. ಬೀಜ ಬಿತ್ತಿ, ನೂರರಷ್ಟು ಬರುತ್ತದೆ ಎಂದು ಹೇಳಿ ಹಣ ಎತ್ತುವ ಬೋಧನೆಯಿಂದ ಯುವಕರನ್ನು ಕಾಪಾಡಿ. ಮಾರ್ಕ 10:30ರ ನೂರರಷ್ಟು ಎಂಬ ಮಾತಿನಲ್ಲೇ ಹಿಂಸೆಗಳೂ ಸೇರಿವೆ. ಲೂಕ 6:38ರ ಅದುಮಿ ಅಲ್ಲಾಡಿಸಿ ಹೊರಚೆಲ್ಲುವ ಅಳತೆಗೆ ಹಿಂದಿನ ವಚನ ತೀರ್ಪು ಮಾಡಬೇಡಿ, ಕ್ಷಮಿಸಿರಿ ಎನ್ನುತ್ತದೆ. 2 ಕೊರಿಂಥ 9:11ರಲ್ಲಿ ದೇವರು ಸಮೃದ್ಧಿ ಕೊಡುವುದು ಇನ್ನೂ ಉದಾರವಾಗಿ ಕೊಡಲಿ ಎಂದು. ತನ್ನಲ್ಲಿದ್ದ ಎರಡೇ ಕಾಸನ್ನು ಕಾಣಿಕೆಗೆ ಹಾಕಿದ ವಿಧವೆಯ ಭಾಗವನ್ನು ಓದುವಾಗಲೂ ಅದಕ್ಕೆ ಮುಂಚಿನ ಮಾರ್ಕ 12:40ನ್ನು ಸೇರಿಸಿ ಓದಿ: ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳ ಮೇಲೆ ಸ್ವಾಮಿ ತೀರ್ಪು ಹೇಳಿದ ಕೂಡಲೇ ಆಕೆ ಬರುತ್ತಾಳೆ. ಆಕೆಯ ಭಕ್ತಿಯನ್ನು ತೋರಿಸಿ ಬಡವರಿಂದ ಕೊನೆಯ ಕಾಸು ಎಳೆಯುವವರು ಆ ವಚನವನ್ನು ಹಾರಿಸಿಬಿಡುತ್ತಾರೆ.

ಕೂಟದಲ್ಲಿ ಕೈ ಎತ್ತಿಸಿ ವಾಗ್ದಾನ ಮಾಡಿಸುವಲ್ಲಿ ಕೂಡಲೇ ಬರೆಯಬೇಡಿ ಎಂದು ಕಲಿಸಿ. ಹರಕೆ ಹೊರದಿದ್ದರೆ ದೋಷವಿಲ್ಲ, ಹೊತ್ತರೆ ತಡಮಾಡದೆ ತೀರಿಸು ಎಂದು ಧರ್ಮೋಪದೇಶಕಾಂಡ 23:21-23. ಮನೆಗೆ ಹೋಗಿ, ಲೆಕ್ಕ ನೋಡಿ, ಒಂದು ವಾರ ಪ್ರಾರ್ಥಿಸಿ, ಆಗಲೂ ಮನಸ್ಸಿದ್ದರೆ ಬರೆಯಿರಿ. ಹೊಲ ಮಾರಿದ ಹಣದಲ್ಲಿ ಸ್ವಲ್ಪ ಬಚ್ಚಿಟ್ಟ ಅನನೀಯನಿಗೂ ಪೇತ್ರ ಹೇಳಿದ್ದು ಅದು ನಿನ್ನದೇ ಆಗಿತ್ತಲ್ಲವೇ, ಮಾರಿದ ಮೇಲೂ ನಿನ್ನ ಕೈಯಲ್ಲೇ ಇತ್ತಲ್ಲವೇ ಎಂದು. ಕಡಿಮೆ ಕೊಟ್ಟದ್ದಕ್ಕಲ್ಲ, ಪೂರ್ತಿ ಕೊಟ್ಟೆನೆಂದು ಸುಳ್ಳು ಹೇಳಿದ್ದಕ್ಕೆ ಶಿಕ್ಷೆ.

ಮದುವೆಯಾದವರಿಗೆ: ಇಬ್ಬರೂ ಕೂತು ಪಾಲು ಗೊತ್ತುಮಾಡಿ. ಅದರೊಳಗೆ ಒಬ್ಬೊಬ್ಬರು ಇನ್ನೊಬ್ಬರನ್ನು ಕೇಳದೆ ಕೊಡಬಹುದಾದ ಮಿತಿ ಇರಲಿ. ಜೊತೆಗಾರರು ವಿಶ್ವಾಸಿಯಲ್ಲದಿದ್ದರೆ ಕದ್ದುಮುಚ್ಚಿ ಮನೆಯ ಹಣ ಕೊಡಬೇಡಿ, ನಿಮ್ಮ ಸ್ವಂತ ಖರ್ಚಿಗೆ ಒಪ್ಪಿ ಬಿಟ್ಟ ಹಣದಿಂದ ಕೊಡಿ. ಅದೂ ಇಲ್ಲದಿದ್ದರೆ ಸಮಯ, ಕೈಕೆಲಸ, ರೋಗಿಗಳ ಭೇಟಿ ಇವು ಕಡಿಮೆಯಲ್ಲ.

---

ವಚನಾಭ್ಯಾಸಿ

ಹಿರಿಯರ ಮಾತು ಸರಿ. ಹತ್ತರಲ್ಲೊಂದನ್ನು ಆರಂಭ ಎಂದು ಕಲಿಸುವುದಕ್ಕೆ ನನ್ನ ಅಭ್ಯಂತರ ಇಲ್ಲ. ಕೊಡದವರಿಗೆ ಶಾಪ ಎಂದು ಮಲಾಕಿಯನನ್ನು ಹಿಡಿದು ಹೆದರಿಸುವುದಕ್ಕೆ ಮಾತ್ರ ಅಭ್ಯಂತರ. ಹೆದರಿಸುವವರು ಅದೇ ಅಧ್ಯಾಯದ 5ನೆಯ ವಚನವನ್ನೂ ಓದಲಿ. ಕೂಲಿಯವನನ್ನು, ವಿಧವೆಯನ್ನು, ಪರದೇಶಿಯನ್ನು ಹಿಂಸಿಸುವವರ ವಿರುದ್ಧ ಸಾಕ್ಷಿಯಾಗಿ ನಿಲ್ಲುತ್ತೇನೆ ಎಂದು ಅಲ್ಲಿದೆ.

---

ಅಧ್ಯಯನ ಗುಂಪು

ಎಲ್ಲರಿಗೂ ವಂದನೆ. ನಾಲ್ಕು ವಾರಕ್ಕೆ ಹಂಚುತ್ತೇವೆ: ವಚನಗಳು, ಮನೆಯ ಲೆಕ್ಕ, ಸಹಾಯ, ಸಭೆಯ ಲೆಕ್ಕ. ಎರಡನೆಯ ವಾರ ಪ್ರತಿಯೊಬ್ಬರೂ ತಮ್ಮ ಆದಾಯವನ್ನು 100 ಎಂದಿಟ್ಟುಕೊಂಡು, ಯಾರಿಗೂ ತೋರಿಸದೆ, ಹಾಳೆಯಲ್ಲಿ ಬರೆಯುವ ಅಭ್ಯಾಸ ಇಡುತ್ತೇವೆ. ಒಂದೇ ಬಾಕಿ: ಪಿತ್ರಾರ್ಜಿತ ಆಸ್ತಿ ಅಥವಾ ಉಡುಗೊರೆಯಾಗಿ ವಸ್ತು ಬಂದರೆ?

---

ಲೆಕ್ಕದ ಪುಸ್ತಕ

ಹಣವಾಗಿ ಬಂದರೆ ಆದಾಯದ ಹಾಗೆಯೇ ಲೆಕ್ಕ ಹಾಕಿ, ಆದರೆ ಸತ್ತವರ ಬಾಕಿ ಸಾಲ, ಉಳಿದ ವಾರಸುದಾರರ ಪಾಲು ತೀರಿದ ಮೇಲೆ. ವಾಸದ ಮನೆ, ಹೊಲದಂಥದ್ದು ಬಂದರೆ ಅದರ ಬೆಲೆಯ ಮೇಲೆ ಸಾಲ ಮಾಡಿ ಕೊಡಲು ಹೋಗಬೇಡಿ. ಅದರಿಂದ ಬರುವ ಬಾಡಿಗೆ ಅಥವಾ ಬೆಳೆಯ ಮೇಲೆ ಕೊಡುತ್ತಾ ಬನ್ನಿ, ಮಾರಿದ ದಿನ ಕೈಗೆ ಬಂದದ್ದರ ಮೇಲೆ ಕೊಡಿ. ಬಳಸುವ ಉಡುಗೊರೆಗಳಿಗೆ ಲೆಕ್ಕ ಬೇಡ. ಅಭ್ಯಾಸದ ಹಾಳೆಯಲ್ಲಿ ಕಾಣಿಕೆಯ ಸಾಲನ್ನು ಖರ್ಚುಗಳ ಕೆಳಗೆ ಹಾಕಬೇಡಿ, ಆದಾಯದ ಕೆಳಗೇ ಮೊದಲ ಸಾಲಾಗಿ ಇಡಿ. ಕೆಳಗೆ ಇಟ್ಟರೆ ಹೆಚ್ಚಿನವರ ಹಾಳೆಯಲ್ಲಿ ಅಲ್ಲಿ ಸೊನ್ನೆಯೇ ಬರುತ್ತದೆ.